ಬಿಡಿಯ ಲೆಕ್ಕ, ಇಡಿಯ ಲೆಕ್ಕ

2021ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಇಸ್ರೇಲ್ ದೇಶದ ಆರೋಗ್ಯ ಇಲಾಖೆಯವರು ಪ್ರಕಟಿಸಿದ ಕೆಲವು ಅಂಕಿಗಳು ಜಗತ್ತಿನ ನಾನಾ ಕಡೆಗಳಲ್ಲಿ ಕೋಲಾಹಲವನ್ನೆಬ್ಬಿಸಿದುವು. ಆ ತಿಂಗಳ 15ರಂದು ಅಲ್ಲಿನ ಆಸ್ಪತ್ರೆಗಳಲ್ಲಿ ಕೋವಿಡ್ ರೋಗದಿಂದ ತೀವ್ರ ಅಸ್ವಸ್ಥರಾಗಿ ಮಲಗಿದ್ದವರ ಪೈಕಿ 301 ಮಂದಿ ಎರಡು ಸಲ ಲಸಿಕೆ ಹಾಕಿಸಿಕೊಂಡವರು. 214 ಮಂದಿ ಲಸಿಕೆಯನ್ನೇ ಹಾಕಿಸಿಕೊಳ್ಳದವರು. ಎಂದರೆ ಈ ರೋಗಿಗಳಲ್ಲಿ ನೂರಕ್ಕೆ 58 ಮಂದಿ ಲಸಿಕೆ ಪಡೆದವರೇ ಆಗಿದ್ದರು. ಲಸಿಕೆಯಿಂದ ಏನೂ ಪ್ರಯೋಜನವಿಲ್ಲವೆಂದು ಕೆಲವರು ಸಾರಿದರು. ಲಸಿಕೆ ಹಾಕಿಸಿಕೊಂಡರೇ ಅಪಾಯ ಹೆಚ್ಚೆಂದು ಇನ್ನು ಕೆಲವರು ಹೆದರಿಸಿದರು. ಇಂಥ ಮಾತನ್ನು ನಂಬಿ ಲಸಿಕೆಯನ್ನು ಬಿಟ್ಟವನಿಗೆ ಅದು ಪ್ರಾಣದ ಪ್ರಶ್ನೆ.

ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಆ ಅಂಕಿಗಳಲ್ಲಿ ಒಂದೂ ಸುಳ್ಳಲ್ಲ. ಯಾರೂ ಲೆಕ್ಕವನ್ನು ತಿದ್ದಿರಲಿಲ್ಲ. ಸುಳ್ಳು ಅಂಕಿಯಿಂದ ಸುಳ್ಳು ನಿರ್ಣಯ ಹುಟ್ಟುವುದರಲ್ಲಿ ಆಶ್ಚರ್ಯವಿಲ್ಲ. ನಿಜವಾದ ಅಂಕಿಯಿಂದ ಸುಳ್ಳು ನಿರ್ಣಯ ಹೇಗೆ ಹುಟ್ಟುತ್ತದೆ ಎಂಬುದೇ ಈ ಲೇಖನದ ವಿಷಯ.

ಮೊದಲನೆಯ ತಪ್ಪು ಯಾರಿಗಾದರೂ ಬೇಗನೆ ಹೊಳೆಯುವಂಥದು. 301 ಮತ್ತು 214 ಎಂಬಿವು ಅಂಶಗಳು ಮಾತ್ರ, ಇವುಗಳ ಛೇದವೆಲ್ಲಿ? ಆ ದೇಶದಲ್ಲಿ 12 ವರ್ಷ ತುಂಬಿದವರ ಪೈಕಿ ಎರಡು ಸಲ ಲಸಿಕೆ ಪಡೆದವರು ಸುಮಾರು 56 ಲಕ್ಷ 35 ಸಾವಿರ ಮಂದಿ. ಪಡೆಯದವರು ಸುಮಾರು 13 ಲಕ್ಷ 3 ಸಾವಿರ ಮಂದಿ. ಈ ಸಂಖ್ಯೆಗಳಿಂದ ಭಾಗಿಸಿದರೆ, ಲಸಿಕೆ ಪಡೆಯದವರಲ್ಲಿ ಲಕ್ಷಕ್ಕೆ 16.4 ಮಂದಿಯೂ ಪಡೆದವರಲ್ಲಿ ಲಕ್ಷಕ್ಕೆ 5.3 ಮಂದಿಯೂ ತೀವ್ರ ರೋಗಿಗಳೆಂದು ತಿಳಿಯುತ್ತದೆ. ಲಸಿಕೆಯಿಲ್ಲದಿದ್ದರೆ 16.4 ಆಗಬಹುದಾಗಿದ್ದುದು 5.3ಕ್ಕೆ ಇಳಿದಿದೆಯಾದ್ದರಿಂದ ಲಸಿಕೆಯು ಕೊಟ್ಟ ರಕ್ಷಣೆ ಶೇಕಡಾ 67.5ರಷ್ಟು. ಊರಿನ ಎಲ್ಲರೂ ಲಸಿಕೆ ಪಡೆದಿದ್ದರೆ ರೋಗಿಗಳೆಲ್ಲರೂ ಲಸಿಕೆ ಪಡೆದವರೇ ಆಗಿರುತ್ತಾರೆ ಎಂಬುದನ್ನು ಯೋಚಿಸಿದರೆ ಈ ಮೊದಲ ತಪ್ಪಿನ ಸ್ವರೂಪ ಸ್ಪಷ್ಟವಾಗುತ್ತದೆ.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಇದೇ ಅಂಕಿಗಳನ್ನು ವಯಸ್ಸಿಗೆ ಅನುಸಾರವಾಗಿ ಎರಡು ಪಾಲು ಮಾಡಿದಾಗ ಒಂದು ವಿಚಿತ್ರ ಕಂಡುಬಂತು. 50 ವರ್ಷಕ್ಕೆ ಕಡಮೆ ವಯಸ್ಸಿನವರಲ್ಲಿ, ಲಸಿಕೆಯಿಲ್ಲದವರ ಪೈಕಿ ತೀವ್ರ ರೋಗಿಗಳು ಲಕ್ಷಕ್ಕೆ 3.9, ಲಸಿಕೆ ಪಡೆದವರಲ್ಲಿ 0.3. ರಕ್ಷಣೆ ಶೇಕಡಾ 91.8. ಐವತ್ತು ಮೀರಿದವರಲ್ಲಿ ಲಸಿಕೆಯಿಲ್ಲದವರಿಗೆ ಲಕ್ಷಕ್ಕೆ 91.9, ಲಸಿಕೆ ಪಡೆದವರಿಗೆ 13.6. ರಕ್ಷಣೆ ಶೇಕಡಾ 85.2. ಕಿರಿಯರಿಗೆ 91.8, ಹಿರಿಯರಿಗೆ 85.2, ಇಬ್ಬರನ್ನೂ ಕೂಡಿಸಿದರೆ 67.5! ಎರಡು ಅಂಕಿಗಳ ಸರಾಸರಿಯು ಅವುಗಳ ನಡುವೆ ಎಲ್ಲಾದರೂ ಇರಬೇಕಲ್ಲವೆ? ಎರಡಕ್ಕಿಂತಲೂ ಕೆಳಗೆ ಹೇಗೆ ಇಳಿಯಿತು?

ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಲಸಿಕೆಯಿಲ್ಲದಿದ್ದಲ್ಲಿ ಹಿರಿಯರಿಗೆ ಈ ರೋಗದ ಅಪಾಯ ಕಿರಿಯರಿಗಿರುವುದಕ್ಕಿಂತ ಇಪ್ಪತ್ತು ಮಡಿಗೂ ಮಿಗಿಲು. ಲಸಿಕೆಯನ್ನು ಮೊದಲು ಹಾಕಿದುದು ಹಿರಿಯರಿಗೆ. ಅದನ್ನು ತಪ್ಪದೆ ಹಾಕಿಸಿಕೊಂಡವರೂ ಹಿರಿಯರೇ. ಲಸಿಕೆ ಪಡೆಯದ 13 ಲಕ್ಷ ಮಂದಿಯಲ್ಲಿ ನೂರಕ್ಕೆ 86 ಮಂದಿ ಐವತ್ತರ ಒಳಗಿನವರು. ಪಡೆದವರಲ್ಲಿ ಐವತ್ತರ ಒಳಗಿನವರು ನೂರಕ್ಕೆ 62 ಮಾತ್ರ. ಹೀಗೆ, ಲಸಿಕೆಯ ಬಲವನ್ನು ಅಳೆಯುತ್ತೇವೆಂದು ಹೊರಟವರು ಯೌವನದ ಬಲವನ್ನೂ ಸೇರಿಸಿ ತೂಗಿದರು. ತಕ್ಕಡಿಯ ಒಂದು ತಟ್ಟೆಯಲ್ಲಿ ಲಸಿಕೆ, ಇನ್ನೊಂದರಲ್ಲಿ ಯೌವನ. ಮುಳ್ಳು ತೋರಿಸಿದುದು ಇವೆರಡರ ವ್ಯತ್ಯಾಸವನ್ನು.

ಇಸ್ರೇಲಿನ ಲೆಕ್ಕದಲ್ಲಿ ಕೂಡಿಕೆಯಿಂದ ಲಸಿಕೆಯ ಗುಣ ಕುಗ್ಗಿತೇ ಹೊರತು ತಲೆಕೆಳಗಾಗಲಿಲ್ಲ. ಪೂರ್ಣವಾಗಿ ತಲೆಕೆಳಗಾಗುವುದೂ ಉಂಟು. ಅದಕ್ಕೆ ವೈದ್ಯಶಾಸ್ತ್ರದಿಂದಲೇ ಒಂದು ಪ್ರಸಿದ್ಧ ನಿದರ್ಶನವನ್ನು ಕೊಡಬಹುದು. ಮೂತ್ರಪಿಂಡದಲ್ಲಿ ಹುಟ್ಟುವ ಕಲ್ಲುಗಳನ್ನು ತೆಗೆಯಲು ಇರುವ ಎರಡು ವಿಧಾನಗಳ ಫಲಿತಾಂಶಗಳನ್ನು 1986ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟಿಸಲಾಯಿತು. ಒಂದು, ಮೈಯನ್ನು ಕೊಯ್ದು ಕಲ್ಲನ್ನು ತೆಗೆಯುವ ಹಳೆಯ ಶಸ್ತ್ರಕ್ರಿಯೆ. ಇದನ್ನು ಮಾಡಿಸಿಕೊಂಡವರು 350 ಮಂದಿ. ಇನ್ನೊಂದು, ಬೆನ್ನಿನ ಕಡೆಯಿಂದ ಸಣ್ಣ ರಂಧ್ರವನ್ನು ಮಾಡಿ ಅದರೊಳಗೆ ನಳಿಕೆಯನ್ನು ತೂರಿಸಿ ಕಲ್ಲನ್ನು ತೆಗೆಯುವ ಹೊಸ ವಿಧಾನ. ಇದನ್ನು ಮಾಡಿಸಿಕೊಂಡವರೂ 350 ಮಂದಿ. ಹಳೆಯ ವಿಧಾನದಲ್ಲಿ 273 ಮಂದಿಗೆ ಗುಣವಾಯಿತು, ಎಂದರೆ ಶೇಕಡಾ 78. ಹೊಸದರಲ್ಲಿ 289 ಮಂದಿಗೆ, ಎಂದರೆ ಶೇಕಡಾ 83. ಹೊಸದೇ ಮೇಲು ಎನ್ನಲು ಅಡ್ಡಿಯೇನು?

ಈಗ ಇದೇ 700 ರೋಗಿಗಳನ್ನು ಕಲ್ಲಿನ ಗಾತ್ರಕ್ಕೆ ಅನುಗುಣವಾಗಿ ವಿಂಗಡಿಸೋಣ. ಎರಡು ಸೆಂಟಿಮೀಟರಿಗೆ ಕಡಮೆಯಾದುದು ಸಣ್ಣ ಕಲ್ಲು. ಮಿಕ್ಕದ್ದು ದೊಡ್ಡ ಕಲ್ಲು.

ಸಣ್ಣ ಕಲ್ಲು: ಹಳೆಯ ವಿಧಾನ, 87ರಲ್ಲಿ 81 (ಶೇಕಡಾ 93), ಹೊಸ ವಿಧಾನ, 270ರಲ್ಲಿ 234 (ಶೇಕಡಾ 87).
ದೊಡ್ಡ ಕಲ್ಲು: ಹಳೆಯ ವಿಧಾನ, 263ರಲ್ಲಿ 192 (ಶೇಕಡಾ 73), ಹೊಸ ವಿಧಾನ, 80ರಲ್ಲಿ 55 (ಶೇಕಡಾ 69).

ಸಣ್ಣ ಕಲ್ಲಿನವರಿಗೆ ಹಳೆಯ ವಿಧಾನ ಮೇಲು. ದೊಡ್ಡ ಕಲ್ಲಿನವರಿಗೂ ಹಳೆಯ ವಿಧಾನವೇ ಮೇಲು. ಕಲ್ಲಿನ ಗಾತ್ರ ಇಂತಿಷ್ಟೆಂದು ತಿಳಿಯದವರಿಗೆ ಮಾತ್ರ ಹೊಸ ವಿಧಾನ ಮೇಲು! ಗಾತ್ರವನ್ನು ಅಳೆಯದಿದ್ದ ಮಾತ್ರಕ್ಕೆ ಕಲ್ಲಿಗೆ ಮೂರನೆಯ ಗಾತ್ರವೇನೂ ಬರುವುದಿಲ್ಲವಷ್ಟೆ. ಓದುಗರು ಕಾಗದ ತೆಗೆದುಕೊಂಡು 81ಕ್ಕೆ 192ನ್ನೂ 234ಕ್ಕೆ 55ನ್ನೂ ಕೂಡಿ ನೋಡಲಿ. ಲೆಕ್ಕದಲ್ಲಿ ಕೈಚಳಕವೇನೂ ಇಲ್ಲ.

ಈ ಕಗ್ಗಂಟನ್ನು ಬಿಡಿಸಲು ನಾನು ಭೌತಶಾಸ್ತ್ರದ ತರಗತಿಯಿಂದ ಒಂದು ಉದಾಹರಣೆಯನ್ನು ಎತ್ತಿಕೊಳ್ಳುತ್ತೇನೆ. ಎರಡು ಬಸ್ಸುಗಳಿವೆಯೆಂದು ಊಹಿಸೋಣ. ಒಂದನೆಯದು ಬಯಲಿನ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಿಂದಲೂ ಘಟ್ಟದ ರಸ್ತೆಯಲ್ಲಿ 30 ಕಿಲೋಮೀಟರ್ ವೇಗದಿಂದಲೂ ಓಡುತ್ತದೆ. ಎರಡನೆಯದರ ವೇಗ ಬಯಲಿನಲ್ಲಿ 50, ಘಟ್ಟದಲ್ಲಿ 25. ಎಲ್ಲಿ ನೋಡಿದರೂ ಒಂದನೆಯ ಬಸ್ಸೇ ಚುರುಕು. ಆದರೆ ಒಂದನೆಯದು ಒಂದು ಗಂಟೆಯ ಕಾಲ ಬಯಲಿನಲ್ಲಿ ಓಡಿ ಮೂರು ಗಂಟೆಯ ಕಾಲ ಘಟ್ಟವನ್ನು ಹತ್ತಿತು. ಎರಡನೆಯದು ಮೂರು ಗಂಟೆ ಬಯಲಿನಲ್ಲಿ ಓಡಿ ಒಂದೇ ಗಂಟೆ ಘಟ್ಟದಲ್ಲಿ ಹೋಯಿತು. ಒಂದನೆಯದು ನಾಲ್ಕು ಗಂಟೆಗಳಲ್ಲಿ ಕ್ರಮಿಸಿದ ದೂರ 60 ಮತ್ತು 90, ಒಟ್ಟು 150 ಕಿಲೋಮೀಟರ್. ಸರಾಸರಿ ವೇಗ 37.5. ಎರಡನೆಯದು ಕ್ರಮಿಸಿದ್ದು 150 ಮತ್ತು 25, ಒಟ್ಟು 175 ಕಿಲೋಮೀಟರ್. ಸರಾಸರಿ ವೇಗ ಸುಮಾರು 44. ಸೋಮಾರಿ ಬಸ್ಸೇ ಗೆದ್ದಿತು. ಇದರಲ್ಲಿ ಯಾರಿಗೂ ಆಶ್ಚರ್ಯವಾಗುವುದಿಲ್ಲ, ಏಕೆಂದರೆ ಘಟ್ಟವು ಕಣ್ಣಿಗೆ ಕಾಣಿಸುತ್ತದೆ. ಮೂತ್ರಪಿಂಡದ ಲೆಕ್ಕದಲ್ಲಿ ದೊಡ್ಡ ಕಲ್ಲೇ ಘಟ್ಟ. ವೈದ್ಯರು ಕಠಿಣವಾದ ರೋಗಗಳನ್ನು ಹಳೆಯ ವಿಧಾನಕ್ಕೆ ಒಪ್ಪಿಸಿದರು, ಸುಲಭವಾದವನ್ನು ಹೊಸದಕ್ಕೆ. ಹಳೆಯ ವಿಧಾನ ತನ್ನ ಪಾಲಿನ ಮುಕ್ಕಾಲು ದಾರಿಯನ್ನು ಘಟ್ಟದಲ್ಲಿಯೇ ಕಳೆಯಿತು.

ದಾರಿಯನ್ನು ಸಮನಾಗಿ ಹಂಚಿದ್ದರೆ ಏನಾಗುತ್ತಿತ್ತು? ಒಟ್ಟು 700 ರೋಗಿಗಳಲ್ಲಿ ಸಣ್ಣ ಕಲ್ಲಿನವರು 357, ದೊಡ್ಡ ಕಲ್ಲಿನವರು 343. ಈ ಎಲ್ಲರಿಗೂ ಹಳೆಯ ವಿಧಾನವನ್ನೇ ಅನುಸರಿಸಿದ್ದು, ಗುಣವಾಗುವ ಪ್ರಮಾಣಗಳು ಮೇಲೆ ಹೇಳಿದಂತೆಯೇ ಇದ್ದಿದ್ದರೆ, ಸುಮಾರು 583 ಮಂದಿಗೆ ಗುಣವಾಗುತ್ತಿತ್ತು. ಹೊಸ ವಿಧಾನವನ್ನೇ ಅನುಸರಿಸಿದ್ದರೆ 545 ಮಂದಿಗೆ. ಎಂದರೆ ಕ್ರಮವಾಗಿ ಶೇಕಡಾ 83 ಮತ್ತು ಶೇಕಡಾ 78. ಮೊದಲಿನ ಅಂಕಿಗಳೇ ಅದಲುಬದಲಾಗಿ ನಿಂತಿರುವುದನ್ನು ನೋಡಿ! (ಇಷ್ಟರಿಂದ ಹೊಸ ವಿಧಾನವು ಕೆಲಸಕ್ಕೆ ಬಾರದ್ದೆಂದು ತಿಳಿಯಬಾರದು. ಹಳೆಯ ಶಸ್ತ್ರಕ್ರಿಯೆಗಳು 1972ರಿಂದ 1980ರವರೆಗೆ ನಡೆದುವು, ಹೊಸವು 1980ರ ಅನಂತರದ್ದು. ದೊಡ್ಡ ಗಾಯವಿಲ್ಲದೆ ರೋಗಿಯು ಬೇಗನೆ ಮನೆಗೆ ಹೋಗುವುದೂ ಒಂದು ಲಾಭವೇ. ಗುಣವಾದ ಪ್ರಮಾಣವೊಂದನ್ನೇ ಹಿಡಿದು ಚಿಕಿತ್ಸೆಯನ್ನು ತೂಗಲಾಗದು.)

ಈಗ ಗಣಿತದ ಕಡೆಗೆ ಸ್ವಲ್ಪ ತಿರುಗೋಣ. ಕೆಳ ತರಗತಿಯ ಹುಡುಗರು ಭಿನ್ನರಾಶಿಗಳನ್ನು ಕೂಡುವಾಗ ಅಂಶಕ್ಕೆ ಅಂಶವನ್ನೂ ಛೇದಕ್ಕೆ ಛೇದವನ್ನೂ ಕೂಡಿ, ಅರ್ಧಕ್ಕೆ ಮೂರನೆಯ ಒಂದನ್ನು ಸೇರಿಸಿದರೆ ಐದನೆಯ ಎರಡು ಎಂದು ಬರೆದು ಉಪಾಧ್ಯಾಯರಿಂದ ಬೈಸಿಕೊಳ್ಳುವುದುಂಟು. ವಿನೋದವೇನೆಂದರೆ, ಎರಡು ಗುಂಪುಗಳನ್ನು ಒಂದುಗೂಡಿಸುವಾಗ ನಾವು ಮಾಡುವುದು ಸರಿಯಾಗಿ ಆ ಹುಡುಗರು ಮಾಡಿದುದನ್ನೇ. 87ರಲ್ಲಿ 81, 263ರಲ್ಲಿ 192 ಎಂಬಿವು ಸೇರಿ 350ರಲ್ಲಿ 273 ಆಗುವುದು ಈ ರೀತಿಯಿಂದಲೇ. ಇದು ನಿಜವಾದ ಸಂಕಲನವಲ್ಲವಾದ್ದರಿಂದ ಸಂಕಲನದ ಗುಣಗಳನ್ನು ಇದರಿಂದ ನಿರೀಕ್ಷಿಸಬಾರದು. ದೊಡ್ಡದಕ್ಕೆ ದೊಡ್ಡದನ್ನು ಕೂಡಿದರೆ ದೊಡ್ಡದೇ ಬರಬೇಕೆಂಬ ನಿಯಮ ಇಲ್ಲಿ ನಡೆಯುವುದಿಲ್ಲ. ಅತಿ ಚಿಕ್ಕ ಸಂಖ್ಯೆಗಳಿಂದಲೇ ಇದನ್ನು ತೋರಿಸಬಹುದು: 2/8 ಎಂಬುದು 1/5ಕ್ಕಿಂತ ದೊಡ್ಡದು, 4/5 ಎಂಬುದು 6/8ಕ್ಕಿಂತ ದೊಡ್ಡದು. ದೊಡ್ಡವೆರಡನ್ನೂ ಕೂಡಿಸಿದರೆ 6/13. ಚಿಕ್ಕವೆರಡನ್ನೂ ಕೂಡಿಸಿದರೆ 7/13.

ಗ್ರಾಫ್ ಕಾಗದದ ಮೇಲೆ ಇದನ್ನು ಬರೆದು ನೋಡಿದರೆ ಮನಸ್ಸಿಗೆ ಇನ್ನೂ ಚೆನ್ನಾಗಿ ನಾಟುತ್ತದೆ. 2/8 ಎಂಬುದಕ್ಕೆ ಬಲಗಡೆಗೆ 8 ಮನೆ, ಮೇಲಕ್ಕೆ 2 ಮನೆ ಹೋಗುವ ಒಂದು ಬಾಣವನ್ನು ಎಳೆಯಿರಿ. ಭಿನ್ನರಾಶಿಯ ಬೆಲೆಯೆಂದರೆ ಆ ಬಾಣದ ಇಳಿಜಾರು. ಅದರ ತುದಿಯಿಂದ 4/5ರ ಬಾಣವನ್ನು ಎಳೆದು, ಮೊದಲಿನಿಂದ ಕೊನೆಗೆ ನೇರವಾದ ಗೆರೆಯನ್ನು ಹಾಕಿದರೆ ಅದರ ಇಳಿಜಾರೇ 6/13. ಇನ್ನೊಂದು ಜೋಡಿಯನ್ನೂ ಅದೇ ಮೂಲಬಿಂದುವಿನಿಂದ ಎಳೆಯಿರಿ. ಎರಡನೆಯ ಜೋಡಿಯ ಒಂದೊಂದು ಬಾಣವೂ ಮೊದಲನೆಯ ಜೋಡಿಯ ತನ್ನ ಸಂಗಾತಿಗಿಂತ ಹೆಚ್ಚು ಮಲಗಿಕೊಂಡಿದ್ದರೂ ಅದರ ಕಡಿದಾದ ಬಾಣವೇ ಉದ್ದವಾಗಿರುವುದರಿಂದ ಒಟ್ಟು ಗೆರೆ ಮೇಲೇರುತ್ತದೆ. ಬಲಗಳ ಸಂಯೋಜನೆಯನ್ನು ಓದಿದ ವಿದ್ಯಾರ್ಥಿಗಳಿಗೆ ಇದು ಪರಿಚಿತವಾದ ಚಿತ್ರ.

ಚಿತ್ರದಿಂದಲೇ ಇನ್ನೆರಡು ಸಂಗತಿಗಳು ಹೊರಡುತ್ತವೆ. ಕೂಡಿದ ಗೆರೆಯ ಇಳಿಜಾರು ಯಾವಾಗಲೂ ಅದರ ಎರಡು ಬಾಣಗಳ ಇಳಿಜಾರುಗಳ ನಡುವೆಯೇ ಇರುತ್ತದೆ. ಆದುದರಿಂದ ಒಂದು ವಿಧಾನದ ಅತಿ ಕೆಟ್ಟ ಫಲಿತಾಂಶವು ಇನ್ನೊಂದರ ಅತಿ ಒಳ್ಳೆಯ ಫಲಿತಾಂಶಕ್ಕಿಂತ ಮೇಲಾಗಿದ್ದರೆ, ಎಷ್ಟು ಕಲಸಿದರೂ ತಿರುವುಮುರುವು ಸಾಧ್ಯವಿಲ್ಲ. ಎರಡನೆಯದಾಗಿ, ಎರಡು ಕಡೆಯೂ ಸುಲಭ ಮತ್ತು ಕಠಿಣ ಪ್ರಕರಣಗಳ ಮಿಶ್ರಣದ ಪ್ರಮಾಣ ಒಂದೇ ಆಗಿದ್ದರೂ ತಿರುವುಮುರುವು ಸಾಧ್ಯವಿಲ್ಲ. ಔಷಧಗಳ ಪರೀಕ್ಷೆಯಲ್ಲಿ ಯಾರಿಗೆ ಯಾವ ಔಷಧವೆಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸುವ ಪದ್ಧತಿಯ ತಿರುಳು ಇದೇ. ಚೀಟಿಗೆ ದಾಕ್ಷಿಣ್ಯವಿಲ್ಲ, ಅದು ದೊಡ್ಡ ಕಲ್ಲನ್ನೂ ಸಣ್ಣ ಕಲ್ಲನ್ನೂ ಎರಡು ಕಡೆಗೂ ಹೆಚ್ಚು ಕಡಮೆ ಸಮನಾಗಿ ಹಂಚುತ್ತದೆ. ನಾವು ಅಳೆಯಲು ಮರೆತ, ನಮಗೆ ಹೆಸರೇ ತಿಳಿಯದ ಅಂಶಗಳನ್ನು ಸಹ ಅದು ಹಾಗೆಯೇ ಹಂಚುತ್ತದೆ ಎಂಬುದು ಅದರ ಹೆಚ್ಚಳ.

ನಮ್ಮ ದೇಶದಲ್ಲಿಯೂ ಇದರ ನೆರಳು ಬೀಳುತ್ತದೆ. 2019ರ ಮಾದರಿ ನೋಂದಣಿಯ ಲೆಕ್ಕದಲ್ಲಿ ಭಾರತದ ಮರಣ ಪ್ರಮಾಣ ಸಾವಿರಕ್ಕೆ ಸುಮಾರು 6. ಕೇರಳದ್ದು ಸುಮಾರು 7. ಹಾಗಾದರೆ ಕೇರಳದವರು ಅಲ್ಪಾಯುಗಳೆ? ಅಲ್ಲ, ಅಲ್ಲಿನ ಸರಾಸರಿ ಆಯುಸ್ಸು ದೇಶದ ಸರಾಸರಿಗಿಂತ ಸುಮಾರು ಐದು ವರ್ಷ ಹೆಚ್ಚು. ಹೆಚ್ಚು ಕಾಲ ಬದುಕುವುದರಿಂದಲೇ ಅಲ್ಲಿ ವೃದ್ಧರ ಪಾಲು ಹೆಚ್ಚು, ವೃದ್ಧರು ಹೆಚ್ಚಿದುದರಿಂದಲೇ ಒಟ್ಟು ಮರಣ ಪ್ರಮಾಣವೂ ಹೆಚ್ಚು. ಪರೀಕ್ಷೆಯ ಫಲಿತಾಂಶಗಳು ಹೊರಬಿದ್ದ ಮಾರನೆಯ ದಿನ ಕಾಲೇಜುಗಳು ಪತ್ರಿಕೆಗಳಲ್ಲಿ ಹಾಕಿಸುವ ಶೇಕಡಾವಾರು ಜಾಹೀರಾತುಗಳನ್ನು ಕಂಡಾಗಲೂ ನನಗೆ ಆ ಎರಡು ಬಸ್ಸುಗಳ ನೆನಪೇ ಬರುತ್ತದೆ. ಪ್ರವೇಶದ ಬಾಗಿಲಿನಲ್ಲಿಯೇ ಹೆಚ್ಚು ಅಂಕ ಪಡೆದವರನ್ನು ಮಾತ್ರ ಆರಿಸಿಕೊಂಡ ಸಂಸ್ಥೆ ಬಯಲಿನಲ್ಲಿ ಓಡುತ್ತಿದೆ. ಬಂದವರನ್ನೆಲ್ಲ ಸೇರಿಸಿಕೊಂಡ ಊರಿನ ಸರ್ಕಾರಿ ಕಾಲೇಜು ಘಟ್ಟವನ್ನು ಹತ್ತುತ್ತಿದೆ. ಇವುಗಳಲ್ಲಿ ಪಾಠ ಎಲ್ಲಿ ಚೆನ್ನಾಗಿ ನಡೆಯುತ್ತದೆಂಬುದನ್ನು ಆ ಒಂದು ಅಂಕಿ ಹೇಳಲಾರದು.

ಇದಿಷ್ಟನ್ನು ಓದಿದವರು, ‘ಹಾಗಾದರೆ ಇಡಿಯ ಲೆಕ್ಕವನ್ನು ನಂಬದೆ ಯಾವಾಗಲೂ ಬಿಡಿಬಿಡಿಯಾಗಿ ವಿಂಗಡಿಸಿ ನೋಡಬೇಕು’ ಎಂಬ ನಿಯಮವನ್ನು ಕಟ್ಟಿಕೊಳ್ಳುವುದು ಸಹಜ. ಅನೇಕ ಪುಸ್ತಕಗಳೂ ಇಲ್ಲಿಗೇ ನಿಲ್ಲುತ್ತವೆ. ಆದರೆ ಈ ನಿಯಮ ಸರಿಯಲ್ಲ. ವಿಷಯದ ನಿಜವಾದ ತೊಡಕು ಇರುವುದು ಇಲ್ಲಿಯೇ.

ಈ ವಿರೋಧಾಭಾಸಕ್ಕೆ ಸಿಂಪ್ಸನ್ನನ ಹೆಸರು ಅಂಟಿಕೊಂಡಿದೆ. ಕಾರ್ಲ್ ಪಿಯರ್ಸನ್ 1899ರಲ್ಲಿಯೂ ಉಡ್ನಿ ಯೂಲ್ 1903ರಲ್ಲಿಯೂ ಇದರ ಸುಳಿವನ್ನು ಕೊಟ್ಟಿದ್ದರು. ಎರಡನೆಯ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ಶತ್ರುಗಳ ಗುಪ್ತಲಿಪಿಗಳನ್ನು ಬಿಡಿಸುವ ಕೆಲಸದಲ್ಲಿದ್ದ ಎಡ್ವರ್ಡ್ ಸಿಂಪ್ಸನ್ ಇದನ್ನು ಕುರಿತು ಬರೆದುದು 1951ರಲ್ಲಿ. ಹೆಸರನ್ನಿಟ್ಟವನು 1972ರಲ್ಲಿ ಕಾಲಿನ್ ಬ್ಲೈತ್. ಸಿಂಪ್ಸನ್ನನ ಲೇಖನದ ಸ್ವಾರಸ್ಯವು ತಿರುವುಮುರುವಿನಲ್ಲಿ ಇಲ್ಲ, ಅವನು ಕೊಟ್ಟ ಒಂದು ಜೋಡಿ ಉದಾಹರಣೆಯಲ್ಲಿದೆ.

ಮೊದಲನೆಯದು ಇಸ್ಪೀಟಿನದು. 52 ಎಲೆಗಳ ಕಟ್ಟು ಒಂದು ಮಗುವಿನ ಕೈಗೆ ಸಿಕ್ಕಿ 20 ಎಲೆಗಳು ಕೊಳೆಯಾದುವು. 32 ಎಲೆಗಳು ಶುಭ್ರವಾಗಿ ಉಳಿದುವು. ರಾಜ, ರಾಣಿ, ಗುಲಾಮ ಇವು ಚಿತ್ರದ ಎಲೆಗಳು. ಉಳಿದುವು ಸಾದಾ ಎಲೆಗಳು. ಕೊಳೆಯಾದ ರಾಶಿಯಲ್ಲಿ ಚಿತ್ರದೆಲೆಗಳು 7, ಅವುಗಳಲ್ಲಿ ಕೆಂಪು 4. ಸಾದಾ ಎಲೆಗಳು 13, ಅವುಗಳಲ್ಲಿ ಕೆಂಪು 8. ಶುಭ್ರ ರಾಶಿಯಲ್ಲಿ ಚಿತ್ರದೆಲೆಗಳು 5, ಕೆಂಪು 2. ಸಾದಾ ಎಲೆಗಳು 27, ಕೆಂಪು 12. ಲೆಕ್ಕ ಹಾಕಿದರೆ ಕೊಳೆ ರಾಶಿಯಲ್ಲಿ ಚಿತ್ರದೆಲೆಗಳ ಪೈಕಿ ಕೆಂಪು ಶೇಕಡಾ 57, ಸಾದಾ ಎಲೆಗಳಲ್ಲಿ 62. ಶುಭ್ರ ರಾಶಿಯಲ್ಲಿ ಕ್ರಮವಾಗಿ 40 ಮತ್ತು 44. ಎರಡು ರಾಶಿಗಳಲ್ಲಿಯೂ ಸಾದಾ ಎಲೆಗಳೇ ಹೆಚ್ಚು ಕೆಂಪು! ಆದರೆ ಇಸ್ಪೀಟು ಆಡಿದವರಿಗೆಲ್ಲ ತಿಳಿದಂತೆ ಪೂರ್ತಿ ಕಟ್ಟಿನಲ್ಲಿ 12 ಚಿತ್ರದೆಲೆಗಳಲ್ಲಿ 6 ಕೆಂಪು, 40 ಸಾದಾ ಎಲೆಗಳಲ್ಲಿ 20 ಕೆಂಪು. ಎರಡೂ ಸರಿಯಾಗಿ ಅರ್ಧ. ಎಲೆಯ ಬಣ್ಣಕ್ಕೂ ಅದರ ಮೇಲಿನ ಚಿತ್ರಕ್ಕೂ ಸಂಬಂಧವಿದೆಯೆ ಎಂದು ಕೇಳಿದರೆ, ಇಲ್ಲವೆಂಬ ಇಡಿಯ ಲೆಕ್ಕವೇ ಸತ್ಯ. ಬಿಡಿಯ ಲೆಕ್ಕ ಹೇಳುವುದು ಇಸ್ಪೀಟಿನ ವಿಚಾರವನ್ನಲ್ಲ, ಮಗು ಕೆಂಪು ಎಲೆಗಳನ್ನೂ ಚಿತ್ರದೆಲೆಗಳನ್ನೂ ಹೆಚ್ಚಾಗಿ ಮುಟ್ಟಿತೆಂಬ ವಿಚಾರವನ್ನು.

ಈಗ ಸಿಂಪ್ಸನ್ ಒಂದು ಅಂಕಿಯನ್ನೂ ಬದಲಿಸದೆ ಹೆಸರುಗಳನ್ನು ಮಾತ್ರ ಬದಲಿಸಿದನು. ಕೊಳೆಯ ರಾಶಿಯೆಂದರೆ ಗಂಡಸರು, ಶುಭ್ರ ರಾಶಿಯೆಂದರೆ ಹೆಂಗಸರು. ಚಿತ್ರದೆಲೆಯೆಂದರೆ ಚಿಕಿತ್ಸೆ ಪಡೆಯದವರು, ಸಾದಾ ಎಲೆಯೆಂದರೆ ಪಡೆದವರು. ಕೆಂಪು ಎಂದರೆ ಬದುಕಿ ಉಳಿದವರು. ಆಗ ಅದೇ ಅಂಕಿಗಳು ಹೇಳುವುದಿಷ್ಟು: ಗಂಡಸರಲ್ಲಿ ಚಿಕಿತ್ಸೆಯಿಲ್ಲದೆ ಬದುಕಿದವರು ಶೇಕಡಾ 57, ಚಿಕಿತ್ಸೆಯಿಂದ 62, ಹೆಂಗಸರಲ್ಲಿ 40 ಮತ್ತು 44, ಒಟ್ಟಿನಲ್ಲಿ ಎರಡು ಕಡೆಯೂ 50. ಗಂಡಸರಿಗೂ ಉಪಯುಕ್ತ, ಹೆಂಗಸರಿಗೂ ಉಪಯುಕ್ತ, ಆದರೆ ಮನುಷ್ಯರಿಗೆ ನಿರುಪಯುಕ್ತ ಎಂದು ಒಂದು ಚಿಕಿತ್ಸೆಯನ್ನು ತಳ್ಳಿಹಾಕುವುದುಂಟೆ? ಇಲ್ಲಿ ಬಿಡಿಯ ಲೆಕ್ಕವೇ ಸರಿ.

ಒಂದೇ ಅಂಕಿಗಳು, ಎರಡು ಉತ್ತರಗಳು. ಇದರ ತಾತ್ಪರ್ಯ ಗಂಭೀರವಾದುದು: ಯಾವ ಲೆಕ್ಕ ಸರಿಯೆಂಬುದನ್ನು ಅಂಕಿಗಳನ್ನು ಎಷ್ಟು ಕಾಲ ದಿಟ್ಟಿಸಿದರೂ ತಿಳಿಯಲಾಗದು. ಆ ಅಂಕಿಗಳು ಯಾವ ಕ್ರಮದಲ್ಲಿ, ಯಾವ ಕಾರಣಗಳಿಂದ ಹುಟ್ಟಿದುವೆಂಬುದನ್ನು ವಿಚಾರಿಸಬೇಕು. ಗಂಡಸು ಹೆಂಗಸೆಂಬ ಭೇದ ಚಿಕಿತ್ಸೆಗೆ ಮುಂಚೆಯೇ ಇದ್ದುದು; ಚಿಕಿತ್ಸೆಯಿಂದ ಅದು ಬದಲಾಗುವಂತಿಲ್ಲ. ಕಲ್ಲಿನ ಗಾತ್ರವೂ ಹಾಗೆಯೇ, ಇಸ್ರೇಲಿನ ವಯಸ್ಸೂ ಹಾಗೆಯೇ. ಇವು ಮೊದಲೇ ನಿಂತು ಯಾರಿಗೆ ಯಾವ ಚಿಕಿತ್ಸೆಯೆಂಬುದನ್ನೂ ಯಾರು ಗುಣವಾಗುವರೆಂಬುದನ್ನೂ ಎಳೆಯುತ್ತವೆ. ಇಂಥ ಅಂಶಗಳಿಂದ ವಿಂಗಡಿಸತಕ್ಕದ್ದು. ಎಲೆಯ ಕೊಳೆಯಾದರೋ ಬಣ್ಣ ಮತ್ತು ಚಿತ್ರಗಳು ಮೊದಲೇ ಇದ್ದು, ಅವುಗಳ ಫಲವಾಗಿ ಆಮೇಲೆ ಬಂದುದು. ಫಲದಿಂದ ವಿಂಗಡಿಸಿದರೆ ಇಲ್ಲದ ಸಂಬಂಧವೊಂದು ಹುಟ್ಟಿಕೊಳ್ಳುತ್ತದೆ.

ಕೆಲವು ವೇಳೆ ಇದನ್ನು ತೀರ್ಮಾನಿಸುವುದು ಸುಲಭವಲ್ಲ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದ ಉನ್ನತ ವ್ಯಾಸಂಗಕ್ಕೆ 1973ರಲ್ಲಿ 8,442 ಗಂಡಸರೂ 4,321 ಹೆಂಗಸರೂ ಅರ್ಜಿ ಹಾಕಿದ್ದರು. ಗಂಡಸರಲ್ಲಿ ಶೇಕಡಾ 44, ಹೆಂಗಸರಲ್ಲಿ ಶೇಕಡಾ 35 ಮಂದಿಗೆ ಪ್ರವೇಶ ದೊರೆಯಿತು. ಪಕ್ಷಪಾತವೆಂದು ತೋರಿತು. ವಿಭಾಗವಾರು ಲೆಕ್ಕ ಹಾಕಿದಾಗ ಹೆಂಗಸರಿಗೆ ವಿರುದ್ಧವಾದ ಒಲವು ಮಾಯವಾಯಿತು. ಅವರ ಅರ್ಜಿಗಳು ಪ್ರವೇಶ ದುರ್ಲಭವಾದ ವಿಭಾಗಗಳಿಗೇ ಹೆಚ್ಚಾಗಿ ಹೋಗಿದ್ದುವೆಂದು 1975ರಲ್ಲಿ ಬಿಕೆಲ್ ಮತ್ತು ಅವನ ಸಂಗಡಿಗರು ತೋರಿಸಿದರು. ಪ್ರವೇಶ ಸಮಿತಿಗಳ ಮಟ್ಟಿಗೆ ಇದು ಸರಿಯಾದ ಉತ್ತರ. ಆದರೆ ಆ ವಿಭಾಗಗಳಿಗೇ ಹೆಂಗಸರು ಏಕೆ ಹೋದರು? ಚಿಕ್ಕಂದಿನಿಂದ ಗಣಿತದ ಕಡೆಗೆ ಹೋಗದಂತೆ ಅವರನ್ನು ತಿರುಗಿಸಲಾಗಿದ್ದರೆ ಅನ್ಯಾಯವು ವಿಭಾಗದ ಆಯ್ಕೆಯೊಳಗೇ ಅಡಗಿರುತ್ತದೆ. ಆಗ ವಿಭಾಗವಾರು ವಿಂಗಡಿಸುವುದೆಂದರೆ ಅದನ್ನು ಮರೆಮಾಡುವುದು. ಸಮಿತಿ ತಪ್ಪು ಮಾಡಿತೆ ಎಂಬ ಪ್ರಶ್ನೆಗೆ ಬಿಡಿಯ ಲೆಕ್ಕ, ಸಮಾಜ ತಪ್ಪು ಮಾಡಿತೆ ಎಂಬ ಪ್ರಶ್ನೆಗೆ ಇಡಿಯ ಲೆಕ್ಕ. ಪ್ರಶ್ನೆಯನ್ನು ಮೊದಲು ಬಿಡಿಸಿ ಹೇಳದೆ ಲೆಕ್ಕಕ್ಕೆ ಕೈಹಾಕಿದವರು ಗಂಟೆಗಟ್ಟಲೆ ಜಗಳವಾಡಬಹುದು, ಇಬ್ಬರ ಗಣಿತವೂ ಸರಿಯಾಗಿಯೇ ಇರುತ್ತದೆ.

ತಪ್ಪಾಗಿ ವಿಂಗಡಿಸಿದರೆ ಎಂಥ ಅನರ್ಥವಾದೀತೆಂಬುದಕ್ಕೆ ಇನ್ನೊಂದು ನಿಜವಾದ ಪ್ರಸಂಗವನ್ನು ಹೇಳಬೇಕು. ಹುಟ್ಟುವಾಗ ಎರಡೂವರೆ ಕಿಲೋಗ್ರಾಮಿಗಿಂತ ಕಡಮೆ ತೂಕವಿರುವ ಶಿಶುಗಳಿಗೆ ಅಪಾಯ ಹೆಚ್ಚು. ಧೂಮಪಾನ ಮಾಡುವ ತಾಯಂದಿರ ಶಿಶುಗಳು ಇಂಥ ಕಡಮೆ ತೂಕದಿಂದ ಹುಟ್ಟುವುದೂ ಹೆಚ್ಚು. ಕ್ಯಾಲಿಫೋರ್ನಿಯದಲ್ಲಿ 1960ರ ದಶಕದಲ್ಲಿ ಸಂಗ್ರಹಿಸಿದ ಅಂಕಿಗಳನ್ನು ಪರಿಶೀಲಿಸಿ ಯೆರುಶಾಲ್ಮಿ ಎಂಬ ಸಂಖ್ಯಾಶಾಸ್ತ್ರಜ್ಞ 1971ರಲ್ಲಿ ಪ್ರಕಟಿಸಿದ ಸಂಗತಿ ಎಲ್ಲರನ್ನೂ ಬೆರಗುಗೊಳಿಸಿತು. ಕಡಮೆ ತೂಕದ ಶಿಶುಗಳನ್ನು ಮಾತ್ರ ತೆಗೆದುಕೊಂಡರೆ, ಧೂಮಪಾನ ಮಾಡುವ ತಾಯಂದಿರ ಶಿಶುಗಳಲ್ಲಿಯೇ ಸಾವು ಕಡಮೆ! ಹಾಗಾದರೆ ಬಸಿರಿನಲ್ಲಿ ಸಿಗರೇಟು ಸೇದುವುದು ಅಷ್ಟೇನೂ ಕೆಡುಕಲ್ಲವೇನೋ ಎಂಬ ಸಂದೇಹಕ್ಕೆ ಎಡೆಯಾಯಿತು.

ತೂಕವೆಂಬುದು ಇಲ್ಲಿ ಇಸ್ಪೀಟಿನ ಕೊಳೆಯ ಸ್ಥಾನದಲ್ಲಿದೆ. ಅದು ಧೂಮಪಾನದ ಫಲ; ಆದರೆ ಅದೊಂದರ ಫಲವೇ ಅಲ್ಲ. ಅಂಗವೈಕಲ್ಯ ಮೊದಲಾದ ಮಾರಕ ಕಾರಣಗಳಿಂದಲೂ ಶಿಶುವಿನ ತೂಕ ಕುಗ್ಗುತ್ತದೆ. ತಾಯಿ ಸಿಗರೇಟು ಸೇದುವವಳಾದರೆ ಮಗುವಿನ ತೂಕ ಕಡಮೆಯಾದುದಕ್ಕೆ ಒಂದು ಕಾರಣ ಎದುರಿಗೇ ಇದೆ. ಸೇದದ ತಾಯಿಯ ಮಗುವಿನ ತೂಕ ಕುಗ್ಗಿದ್ದರೆ ಬೇರೆ ಕಾರಣವಿರಲೇಬೇಕು, ಅದು ಹೆಚ್ಚು ಘೋರವಾದುದಾಗಿರಬಹುದು. ಆದುದರಿಂದ ಕಡಮೆ ತೂಕದವರ ಗುಂಪನ್ನು ಪ್ರತ್ಯೇಕಿಸಿದ ಕೂಡಲೆ ನಾವು ಹೋಲಿಸುತ್ತಿರುವುದು ಸಿಗರೇಟನ್ನೂ ಸಿಗರೇಟಿಲ್ಲದಿರುವುದನ್ನೂ ಅಲ್ಲ. ಸಿಗರೇಟನ್ನೂ ಅದಕ್ಕಿಂತ ಕೆಟ್ಟ ರೋಗಗಳನ್ನೂ. ಎಲ್ಲ ಶಿಶುಗಳನ್ನೂ ಒಟ್ಟಿಗೆ ನೋಡಿದಾಗ ಧೂಮಪಾನವು ಹಾನಿಕರವೆಂಬುದರಲ್ಲಿ ಇಂದು ವೈದ್ಯರಿಗೆ ಸಂದೇಹವಿಲ್ಲ.

ಕೊನೆಗೆ ವಿದ್ಯಾರ್ಥಿಗಳ ಅಭ್ಯಾಸಕ್ಕಾಗಿ ಆಟದ ಮೈದಾನದಿಂದ ಒಂದು ಲೆಕ್ಕ. ಅಮೆರಿಕದ ಬೇಸ್‌ಬಾಲ್ ಆಟಗಾರರಾದ ಡೆರೆಕ್ ಜೀಟರ್ ಮತ್ತು ಡೇವಿಡ್ ಜಸ್ಟಿಸ್ ಎಂಬವರಲ್ಲಿ, 1995ರಲ್ಲಿ ಜೀಟರ್ 48 ಸಲ ದಾಂಡು ಹಿಡಿದು 12 ಸಲ ಯಶಸ್ವಿಯಾದನು, ಜಸ್ಟಿಸ್ 411ರಲ್ಲಿ 104 ಸಲ. 1996ರಲ್ಲಿ ಜೀಟರ್ 582ರಲ್ಲಿ 183 ಸಲ, ಜಸ್ಟಿಸ್ 140ರಲ್ಲಿ 45 ಸಲ. ಪ್ರತಿವರ್ಷದ ಪ್ರಮಾಣವನ್ನೂ ಎರಡು ವರ್ಷಗಳ ಒಟ್ಟು ಪ್ರಮಾಣವನ್ನೂ ಕಂಡುಹಿಡಿಯಿರಿ. 1996ರ ಕೊನೆಯಲ್ಲಿ ಇವರಿಬ್ಬರಲ್ಲಿ ಒಬ್ಬನನ್ನು ಮಾತ್ರ ನಿಮ್ಮ ತಂಡಕ್ಕೆ ಆರಿಸಿಕೊಳ್ಳಬೇಕಾಗಿದ್ದಿದ್ದರೆ ಯಾರನ್ನು ಆರಿಸುತ್ತಿದ್ದಿರಿ? ಇಲ್ಲಿ ‘ವರ್ಷ’ ಎಂಬುದು ಕಲ್ಲಿನ ಗಾತ್ರದಂಥ ಅಂಶವೆ, ಎಲೆಯ ಕೊಳೆಯಂಥ ಅಂಶವೆ, ಅಥವಾ ಎರಡೂ ಅಲ್ಲವೆ?